ಕಪ್ಪು ಬಣ್ಣ ಬಿಟ್ಟ ವರ್ಷ

ಮಗಳ ನಿಶ್ಚಿತಾರ್ಥದ ವಾರ ತಲೆಗೆ ಬಣ್ಣ ಹಚ್ಚಿಕೊಂಡೆ. ಅದೇನು ಹೊಸದಲ್ಲ. ನಲವತ್ತು ದಾಟಿದಾಗಿನಿಂದ ಹಬ್ಬಕ್ಕೆ, ಮದುವೆಗೆ ಹಚ್ಚಿಕೊಳ್ಳುತ್ತಲೇ ಬಂದವಳು. ಈಚೆಗೆ ಮಾತ್ರ ಹಚ್ಚಿದಾಗಲೆಲ್ಲ ಕಿವಿಯ ಹಿಂದೆ ತುರಿಸುತ್ತಿತ್ತು. ಕೊಬ್ಬರಿ ಎಣ್ಣೆ ಸವರಿ ಸುಮ್ಮನಾಗುತ್ತಿದ್ದೆ.

ಈ ಸಲ ಮಾರನೆಯ ಬೆಳಗ್ಗೆ ಕಣ್ಣು ಬಿಡಲು ಹೋದರೆ ರೆಪ್ಪೆ ಏಳಲೇ ಇಲ್ಲ. ಹಣೆ ಊದಿತ್ತು. ನೆತ್ತಿ ಉರಿಯುತ್ತಿತ್ತು. ಹೊಲದಿಂದ ಬಂದ ನನ್ನ ಯಜಮಾನರು ಬಾಗಿಲಲ್ಲೇ ನಿಂತುಬಿಟ್ಟರು.

"ಏನಾಯ್ತೆ? ಏನಾರ ಕಚ್ತಾ?"

"ಬಣ್ಣ ಹಚ್ಕಂಡಿದ್ನಲ್ಲ, ಅದ್ರದ್ದೇ ಇರ್ಬೇಕು. ಇಳೀತದೆ ಬುಡಿ."

"ಇಳೀತದೆ ಅಂತ ಕೂತ್ಕಂಡ್ರೆ ಆಗಕಿಲ್ಲ ಕಣೆ. ಬಾ ಇಲ್ಲಿ."

ಬಚ್ಚಲಲ್ಲಿ ಮಣೆಯ ಮೇಲೆ ಕೂರಿಸಿ, ತಣ್ಣೀರು ಹೊಯ್ದು ತಲೆ ತೊಳೆದರು. ವರ್ಷವಿಡೀ ಹೊಗೆಸೊಪ್ಪಿನ ಕೆಲಸ ಮಾಡಿ ಮರಗಟ್ಟಿದ ಬೆರಳುಗಳು ಅಷ್ಟು ಮೆತ್ತಗೆ ಓಡಾಡಬಲ್ಲವೆಂದು ನನಗೆ ಗೊತ್ತಿರಲಿಲ್ಲ. ಕಣ್ಣು ಕಾಣದ್ದರಿಂದ ಅವರ ಉಸಿರು ಮಾತ್ರ ಕೇಳುತ್ತಿತ್ತು. "ಉರೀತದಾ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಆಮೇಲೆ ಬೈಕಿನ ಹಿಂದೆ ಕೂರಿಸಿಕೊಂಡು ಕಂಪಲಾಪುರದಿಂದ ಹುಣಸೂರಿಗೆ ಹೊರಟರು. ದಾರಿಯುದ್ದಕ್ಕೂ ಅವರ ಬೆನ್ನಿಗೆ ಮುಖವಿಟ್ಟುಕೊಂಡಿದ್ದೆ.

ಡಾಕ್ಟರಮ್ಮ ಮೊದಲು ಕೇಳಿದ್ದು, ಉಸಿರಾಡಲು ಕಷ್ಟವಿದೆಯಾ, ನಾಲಿಗೆ ಊದಿದೆಯಾ ಎಂದು. ಇಲ್ಲವೆಂದೆ. ಈಚೆಗೆ ಹಚ್ಚಿದಾಗಲೆಲ್ಲ ಕಿವಿಯ ಹಿಂದೆ ತುರಿಸುತ್ತಿದ್ದುದನ್ನೂ ಹೇಳಿದೆ.

"ಹಾಗೇನಾದ್ರೂ ಆದ್ರೆ ಒಂದು ನಿಮಿಷಾನೂ ಕಾಯ್ಬೇಡಿ, ಸೀದಾ ದೊಡ್ಡಾಸ್ಪತ್ರೆಗೆ ಹೋಗಿ. ಇದು ಬಣ್ಣದ ಅಲರ್ಜಿ."

"ಇಷ್ಟ್ ವರ್ಸದಿಂದ ಅದ್ನೇ ಹಚ್ತಿದ್ನಲ್ಲ ಮೇಡಂ? ಯಾವತ್ತೂ ಇಂಗಾಗಿರ್ನಿಲ್ಲ."

"ಅಲರ್ಜಿ ಯಾವ ವಯಸ್ಸಲ್ಲಾದ್ರೂ ಶುರುವಾಗಬಹುದಮ್ಮ. ಒಗ್ಗಿದ್ದ ವಸ್ತುವೇ ಒಂದು ದಿನ ಒಗ್ಗದೆ ಹೋಗುತ್ತೆ. ಕಿವಿ ಹಿಂದೆ ತುರಿಸ್ತಿತ್ತಲ್ಲ, ನಿಮ್ಮ ಮೈ ಆಗಲೇ ಹೇಳಿತ್ತು."

ಇನ್ನು ಈ ಬಣ್ಣದ ಸಹವಾಸವೇ ಬೇಡ, ಕಪ್ಪು ಮೆಹೆಂದಿಯಲ್ಲೂ ಎಷ್ಟೋ ಸಲ ಇದೇ ಸೇರಿರುತ್ತದೆ ಎಂದರು. ಮಾತ್ರೆ, ಮುಲಾಮು ಬರೆದುಕೊಟ್ಟರು.

ಮನೆಗೆ ಬಂದು, ಬೆರಳಲ್ಲಿ ರೆಪ್ಪೆ ತುಸು ಬಿಡಿಸಿ ಕನ್ನಡಿ ನೋಡಿಕೊಂಡು ಅತ್ತುಬಿಟ್ಟೆ. ಬೀಗರ ಎದುರು ಈ ಮುಖ ಹೊತ್ತು ಹೇಗೆ ನಿಲ್ಲಲಿ? ಮಗಳು ಪಕ್ಕದಲ್ಲಿ ಕೂತು, "ಬೇರೆ ದಿನ ಇಟ್ಕಳನ ಕಣವ್ವ" ಎಂದಳು. ನಾನು ಒಪ್ಪಲಿಲ್ಲ.

ನಿಶ್ಚಿತಾರ್ಥದ ದಿನಕ್ಕೆ ಊತ ಅರ್ಧ ಇಳಿದಿತ್ತು. ಮುಖದ ಚರ್ಮ ಸಿಪ್ಪೆ ಏಳುತ್ತಿತ್ತು. ಭೇರ್ಯದಿಂದ ಬೀಗರು ಬಂದಾಗ ನಾನು ಅಡುಗೆಮನೆ ಬಿಟ್ಟು ಕದಲಲಿಲ್ಲ. ಹುಡುಗನ ತಾಯಿಯೇ ಹುಡುಕಿಕೊಂಡು ಒಳಗೆ ಬಂದರು.

"ಯಾಕಕ್ಕ, ಒಳಗೇ ಸೇರ್ಕಂಡ್ರಿ?"

ಸೆರಗು ಮುಖಕ್ಕೆ ಎಳೆದುಕೊಂಡೇ ಎಲ್ಲ ಹೇಳಿದೆ. ಅವರು ನಗುತ್ತಾರೆಂದುಕೊಂಡಿದ್ದೆ. ಅವರು ಮೆಲ್ಲಗೆ ಸೆರಗು ಸರಿಸಿ, ನನ್ನ ಗಲ್ಲ ಹಿಡಿದು ನೋಡಿದರು. ಆಮೇಲೆ ತಮ್ಮ ಕಪ್ಪು ಕೂದಲನ್ನು ಎತ್ತಿ ಕಿವಿಯ ಹಿಂದೆ ತೋರಿಸಿದರು. ಅಲ್ಲಿ ಕೆಂಪಗೆ ದದ್ದೆದ್ದಿತ್ತು.

"ನಾನೂ ನಿನ್ನೆ ಹಚ್ಕಂಡೇ ಬಂದಿವ್ನಿ ಕಣಕ್ಕ. ನಿಮ್ಮೆದ್ರಿಗೆ ಮುದುಕಿಯಂಗೆ ಕಾಣ್ಬಾರ್ದು ಅಂತ."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅವರ ಕೈ ಹಿಡಿದು ಹೇಳಿದೆ: "ನೀವೂ ಬುಟ್‌ಬುಡಿ. ಮದ್ವೆಗೆ ಇಬ್ರೂ ಬಿಳೀ ತಲೇಲೇ ನಿಲ್ಲನ." ಅವರು ತಲೆಯಾಡಿಸಿ, ನನ್ನನ್ನು ಹಜಾರಕ್ಕೆ ಕರೆದುಕೊಂಡು ಹೋಗಿ ಪಕ್ಕದಲ್ಲೇ ಕೂರಿಸಿಕೊಂಡರು.

ಬುಡದಲ್ಲಿ ಬಿಳಿ, ತುದಿಯಲ್ಲಿ ಕಪ್ಪಾಗಿ ಕೂದಲು ಒಂದು ವರ್ಷ ವಿಚಿತ್ರವಾಗಿತ್ತು. ಮದುವೆಯ ಹಿಂದಿನ ಭಾನುವಾರ ಯಜಮಾನರು ಜಗುಲಿಯ ಬಿಸಿಲಲ್ಲಿ ಕೂರಿಸಿ, ಕಪ್ಪು ಉಳಿದಿದ್ದ ತುದಿಗಳನ್ನು ಕತ್ತರಿಸಿದರು. ಒಂದು ಕಡೆ ತುಸು ಗಿಡ್ಡವಾಯಿತು. ಸರಿಮಾಡಲು ಹೋಗಿ ಇನ್ನಷ್ಟು ಗಿಡ್ಡ ಮಾಡಿದರು. ನಾನು ಬೈಯಲಿಲ್ಲ, ಹೆಗಲ ಮೇಲೆ ಬಿದ್ದ ಕೂದಲನ್ನು ಅವರು ಊದಿ ಊದಿ ಹಾರಿಸುವವರೆಗೂ ಕಣ್ಣು ಮುಚ್ಚಿಕೊಂಡು ಕೂತಿದ್ದೆ.