ಮಾಸ್ತರರ ಹೆಂಡತಿಯ ಸೀರೆ

ಮೊನ್ನೆ ಸಾಂತಾಕ್ರೂಜ್‌ನ ಅಂಗಡಿಯಲ್ಲಿ ಪಾಲಿಯೆಸ್ಟರ್ ಸೀರೆಯೊಂದನ್ನು ಬಿಡಿಸಿದೆ. ಹೊಸ ಬಟ್ಟೆಯ ಆ ಘಾಟು ಮೂಗಿಗೆ ಬಡಿದದ್ದೇ ತಡ, ಕಾಂದಿವಲಿಯ ನಮ್ಮ ಡೈಯಿಂಗ್ ಫ್ಯಾಕ್ಟರಿ, ಅಲ್ಲಿ ಬಟ್ಟೆಗೆ ಬಣ್ಣ ಹಾಕಿಸುತ್ತಿದ್ದ ಮಾಸ್ತರು ನೆನಪಾದರು...

ನಾನಾಗ ಲ್ಯಾಬಿಗೆ ಹೊಸಬಳು. ಮಾಸ್ತರು ಉಡುಪಿ ಕಡೆಯವರು. ಕಾಸ್ಟಿಕ್ ಸೋಡಾ ತಗಲಿ ತಗಲಿ ಬೆರಳ ತುದಿ ಜಡ್ಡುಗಟ್ಟಿತ್ತು, ಹಾಗಾಗಿ ಬಟ್ಟೆಯನ್ನು ಕೆನ್ನೆಗೆ ಒತ್ತಿ ಹದ ನೋಡುತ್ತಿದ್ದರು. ಅದಕ್ಕೆ ಲ್ಯಾಬಿನಲ್ಲಿ ಮಷಿನಿದೆಯಲ್ಲ ಎಂದು ನಾನು ನಕ್ಕರೆ, "ನಿನ್ನ ಮಷಿನಿಗೆ ಚರ್ಮ ಉಂಟಾ ಮಾರಾಯ್ತಿ?" ಅನ್ನುತ್ತಿದ್ದರು.

ಒಂದು ದಿನ ಹೆಂಡತಿಯ ಹಳೇ ಪಾಲಿಯೆಸ್ಟರ್ ಸೀರೆ ತಂದರು. ಮದುವೆಯಾಗಿ ಮುಂಬೈಗೆ ಬಂದಾಗ ಆಕೆ ಉಟ್ಟಿದ್ದ ಸೀರೆ. ಆಕೆಯ ಕಾಯಿಲೆಗೆ ಡಾಕ್ಟರು ಕೈಚೆಲ್ಲಿದ್ದರು. ಇನ್ನೊಂದೇ ಸಲ ಅದನ್ನು ಉಡುವ ಆಸೆ ಆಕೆಗೆ. ಆದರೆ ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ, ಮೈಯೆಲ್ಲ ಉರಿ. ಬಿಸಿ ಕಾಸ್ಟಿಕ್ ಸೋಡಾದಲ್ಲಿ ಅದ್ದಿದರೆ ಎಳೆಯ ಮೇಲ್ಮೈ ತುಸು ಸವೆದು ಬಟ್ಟೆ ರೇಷ್ಮೆಯಷ್ಟು ಮೆತ್ತಗಾಗುತ್ತದೆ, ನೀರೂ ಹೀರುತ್ತದೆ. ಹೊತ್ತು ಮೀರಿದರೆ ಎಳೆಯೇ ಸೋಲುತ್ತದೆ.

"ಇಪ್ಪತ್ತು ನಿಮಿಷ. ಹೆಚ್ಚು ಬೇಡ," ಎಂದು ನನಗೆ ಒಪ್ಪಿಸಿ ಮಾಸ್ತರು ಕೆಳಗಿಳಿದರು. ಇಪ್ಪತ್ತು ನಿಮಿಷಕ್ಕೆ ಸೀರೆ ತೆಗೆದು ತೊಳೆದು, ಮೂಲೆಯೊಂದನ್ನು ಒಣಗಿಸಿ ಅದರ ಮೇಲೆ ಒಂದು ಹನಿ ನೀರು ಬಿಟ್ಟೆ. ನಿಧಾನವಾಗಿ ಇಂಗಿತು. ನನಗೆ ಸಾಲದೆನಿಸಿತು. ಓದಿದವಳೆಂಬ ಸೊಕ್ಕು ನೋಡಿ! ಮತ್ತೆ ಸೋಡಾದಲ್ಲಿ ಅದ್ದಿ ಇನ್ನೂ ಕಾಲು ಗಂಟೆ ಬಿಟ್ಟೆ. ಒಣಗಿಸಿ ನೋಡಿದರೆ ಈಗ ಹನಿ ಬಿದ್ದಲ್ಲೇ ಮಾಯ. ಕುಣಿದಾಡಿಬಿಟ್ಟೆ.

ಮಾಸ್ತರು ಬಂದು ಸೀರೆಯನ್ನು ಕೆನ್ನೆಗಿಟ್ಟುಕೊಂಡರು, ಕಣ್ಣು ಮುಚ್ಚಿದರು... ಆಮೇಲೆ ಅಂಚು ಹಿಡಿದು ಮೆಲ್ಲಗೆ ಎಳೆದರು. ಪರ್ರನೆ ಹರಿಯಿತು. ಸೀರೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು.

ಆ ಭಾನುವಾರ ತಪ್ಪೊಪ್ಪಿಕೊಳ್ಳಲೆಂದೇ ಕುರ್ಲಾದ ಚಾಳಿನಲ್ಲಿದ್ದ ಅವರ ಮನೆಗೆ ಹೋದೆ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕ ಹರಿದ ಸೀರೆಯನ್ನೇ ಹೊದ್ದು ಮಲಗಿದ್ದರು. ನನ್ನನ್ನು ಕಂಡು ನಕ್ಕರು.

"ನೋಡು, ಊರವರ ಬಟ್ಟೆಗೆಲ್ಲ ಹದ ಕೊಟ್ಟವರು, ಹೆಂಡತಿಯ ಸೀರೆ ಮಾತ್ರ ಹಾಳು ಮಾಡಿದ್ರು! ಮೂರು ದಿನದಿಂದ ಬೈತಾ ಇದ್ದೇನೆ."

ನಾನು ಬಾಯಿ ತೆರೆದೆ. ಅವರ ಹಿಂದೆ ನಿಂತಿದ್ದ ಮಾಸ್ತರು ಬೇಡವೆಂದು ತಲೆಯಾಡಿಸಿದರು. ತಪ್ಪಿಸಿಕೊಳ್ಳಲು ಅಷ್ಟೇ ನೆಪ ಸಾಕಾಯಿತು ನನಗೆ. ಚಹಾ ಕುಡಿದು ಎದ್ದು ಬಂದೆ. ಥೂ, ನನ್ನ ಜನ್ಮಕ್ಕಿಷ್ಟು!

ಅದೇ ತಿಂಗಳು ಅಕ್ಕ ಹೋದರು, ಗಂಡನೇ ಸೀರೆ ಕೆಡಿಸಿದರೆಂದು ನಂಬಿಕೊಂಡೇ. ಹೋದ ವರ್ಷ ಮಾಸ್ತರೂ ತೀರಿಕೊಂಡರು. ಈಗ ಆ ಲ್ಯಾಬಿಗೆ ನಾನೇ ಮುಖ್ಯಸ್ಥೆ. ಕೆಲಸದಲ್ಲಿ ಎಷ್ಟೋ ತಪ್ಪು ತಿದ್ದಿಕೊಂಡಿದ್ದೇನೆ. ಆದರೆ ಆ ಮೂರು ದಿನದ ಬೈಗುಳ ನನಗೆ ಸೇರಬೇಕಾದದ್ದು ಎಂದು ಹೇಳೋಣವೆಂದರೆ, ಕೇಳಲು ಇಬ್ಬರೂ ಇಲ್ಲ.