ಅಕ್ಕೋರ ಲ್ಯಾಪ್‌ಟಾಪ್

ನನ್ನ ಹಳೆಯ ಲ್ಯಾಪ್‌ಟಾಪ್ ಹೆಣಭಾರದ್ದು. ಚಾರ್ಜರ್ ಸೇರಿದರೆ ಮೂರು ಕೇಜಿಗೂ ಮೇಲೆ. ಬ್ಯಾಟರಿ ಸತ್ತು ಎರಡು ಮಳೆಗಾಲ ಕಳೆದಿತ್ತು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸದೆ ಕಣ್ಣೇ ಬಿಡುತ್ತಿರಲಿಲ್ಲ. ಅದನ್ನು ಹೆಗಲಿಗೆ ಹಾಕಿಕೊಂಡು ನಾನು ಅಂಕೋಲೆಯಿಂದ ಕಾರವಾರಕ್ಕೆ, ಕಾರವಾರದಿಂದ ಊರೂರಿಗೆ ಬಸ್ಸು ಹತ್ತಿ ಇಳಿಯುತ್ತಿದ್ದೆ. ಮನೆ ಕಟ್ಟುವವರ ಜಾಗ ಅಳೆದು ನಕ್ಷೆ ಬರೆದುಕೊಡುವುದು ನನ್ನ ಕೆಲಸ. ಕಾರವಾರದ ಇಂಜಿನಿಯರರೊಬ್ಬರ ಬಳಿ ಹನ್ನೊಂದು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ.

ಕಳೆದ ವರ್ಷ ಬಲಭುಜ ಹಿಡಿದುಕೊಂಡಿತು. ಜಡೆ ಹಾಕಿಕೊಳ್ಳಲು ಕೈ ಹಿಂದಕ್ಕೆ ಹೋಗದು. ಭಾರ ಎತ್ತಬೇಡಿ ಎಂದರು ಡಾಕ್ಟರು. ನಮ್ಮ ಇಂಜಿನಿಯರರು ಒಳ್ಳೆಯ ಮನುಷ್ಯ, ತೊಂದರೆಯಾದದ್ದೇ ಅದರಿಂದ. "ತಂಗೀ, ಮುಂದಿನ ತಿಂಗಳಿಂದ ನೀ ಆಫೀಸಲ್ಲೇ ಕೂತ್ಕ. ಫ್ಯಾನ್ ಅದೆ, ಚಾ ಅದೆ. ತಿರುಗೂ ಕೆಲ್ಸ ಬೇರೆಯವ್ರಿಗೆ ಕೊಡ್ತೆ" ಎಂದರು.

ಫ್ಯಾನಿನ ಕೆಳಗೆ ಕೂರಲು ಯಾರಿಗೆ ಕಷ್ಟ? ಆದರೆ ಆಫೀಸಿಗೆ ಬರುವವರೆಲ್ಲ ಗಂಡಸರು. ಗಾಡಿ ಎಲ್ಲಿ ನಿಲ್ಲಬೇಕು, ಬಾಗಿಲು ಯಾವ ದಿಕ್ಕಿಗೆ ಎಂದು ಅರ್ಧ ಗಂಟೆ ಹೇಳಿ, ಅಡುಗೆಮನೆಯ ಮಾತು ಬಂದಾಗ "ಅದು ಎಲ್ಲಾದ್ರೂ ಹಾಕಿ" ಎಂದುಬಿಡುತ್ತಾರೆ. ಎಲ್ಲಾದರೂ ಹಾಕಿದ ಅಂಥದೊಂದು ಅಡುಗೆಮನೆಯಲ್ಲಿ ನಾನೇ ಇಪ್ಪತ್ತು ವರ್ಷ ಬೇಯಿಸಿದ್ದೇನೆ. ನಡು ಹಗಲಲ್ಲೂ ಲೈಟು ಹಾಕದಿದ್ದರೆ ಅಕ್ಕಿಯಲ್ಲಿನ ಕಲ್ಲು ಕಾಣುವುದಿಲ್ಲ. ಅವರ ಮನೆಗೇ ಹೋದರೆ ಬಾಗಿಲ ಮರೆಯಿಂದಾದರೂ ಒಬ್ಬ ಹೆಂಗಸು ಒಂದು ಮಾತು ಹೇಳುತ್ತಾಳೆ. ಆ ಒಂದು ಮಾತಿಗಾಗಿ ನನಗೆ ತಿರುಗಾಟ ಬೇಕಿತ್ತು. ತಿಂಗಳೊಳಗೆ ಹಗುರವಾದ ಲ್ಯಾಪ್‌ಟಾಪ್ ತರುತ್ತೇನೆ, ಆಮೇಲೆ ತೀರ್ಮಾನ ಮಾಡಿ ಎಂದು ಕಾಲಾವಕಾಶ ಕೇಳಿಕೊಂಡೆ.

ಹಗುರವಾದದ್ದರ ಬೆಲೆ ಮಾತ್ರ ಹಗುರವಲ್ಲ. ಹೊಸದನ್ನು ಅಂಗಡಿಯಲ್ಲಿ ಮುಟ್ಟಿ, ಬೆಲೆ ಕೇಳಿ, ನಾಜೂಕಾಗಿ ಅಲ್ಲೇ ಇಟ್ಟು ಬಂದೆ. ಇನ್ನು ಉಳಿದದ್ದು ಸೆಕೆಂಡ್ ಹ್ಯಾಂಡ್.

ನನ್ನ ಗಂಡನಿಗೆ ಹಳೆಯ ಸಾಮಾನು ಕೊಳ್ಳುವುದೆಂದರೆ ಹಬ್ಬ. ಜೇಬಿನಲ್ಲಿ ಸಣ್ಣ ಸ್ಕ್ರೂಡ್ರೈವರ್ ಇಟ್ಟುಕೊಂಡೇ ಹೊರಟರು. ನಮ್ಮ ಕರಾವಳಿಯ ಎಷ್ಟೋ ಜನರ ಹಾಗೆ ಅವರದೂ ಮೊದಲನೆಯ ಪ್ರಶ್ನೆ ಒಂದೇ: ಘಟ್ಟದ ಮೇಲಿನದೋ, ಕೆಳಗಿನದೋ? ಬೈಕಿರಲಿ, ಫ್ರಿಜ್ಜಿರಲಿ, ಹೊಲಿಗೆ ಯಂತ್ರವಿರಲಿ, ಉಪ್ಪುಗಾಳಿ ಕುಡಿದದ್ದನ್ನು ಅವರು ಕೈಯಲ್ಲಿ ಮುಟ್ಟುವುದಿಲ್ಲ.

ಕಾರವಾರದ ಅಂಗಡಿಯವರು "ಇದು ಹುಬ್ಬಳ್ಳಿದು" ಎಂದ ಕೂಡಲೇ ನನ್ನ ಗಂಡನ ಮುಖ ಅರಳಿತು. ಎತ್ತಿ ನೋಡಿದೆ, ಹಗುರವೇ. ಪೆನ್‌ಡ್ರೈವ್ ಚುಚ್ಚಿ, ನಾನು ಬರೆದವುಗಳಲ್ಲೇ ದೊಡ್ಡದಾದ ಒಂದು ಕಲ್ಯಾಣ ಮಂಟಪದ ನಕ್ಷೆ ತೆರೆದೆ. ಅರ್ಧ ಮೆಟ್ಟಿಲು ಮೂಡಿ ಅಲ್ಲೇ ನಿಂತಿತು. ಒಳಗಿನ ಫ್ಯಾನು ಕಿರುಚತೊಡಗಿತು. ರ‍್ಯಾಮ್ ನಾಲ್ಕೇ ಜಿಬಿ, ಹೆಚ್ಚಿಸಲು ಬರುವುದಿಲ್ಲ ಎಂದು ಅಂಗಡಿಯವರು ಒಪ್ಪಿಕೊಂಡರು. ಎರಡನೆಯದು ಬೆಳಗಾವಿಯದು. ಅದರ ಬ್ಯಾಟರಿ ಊದಿಕೊಂಡು ಕೀಬೋರ್ಡಿನ ನಡುಭಾಗ ಮೇಲೆದ್ದಿತ್ತು. "ಆದ್ರೆ ತುಕ್ಕು ಮಾತ್ರ ಇಲ್ಲ ನೋಡು" ಎಂದರು ನನ್ನ ಗಂಡ. ನಾನು ಅದನ್ನು ಮುಚ್ಚಿ ಅಂಗಡಿಯವರತ್ತ ಸರಿಸಿದೆ.

ಹೀಗೆ ಮೂರು ವಾರ ಕಳೆಯಿತು. ಆಗ ಪರಿಚಯದವರೊಬ್ಬರು ಸದಾಶಿವಗಡದಲ್ಲಿ ಒಬ್ಬ ಅಕ್ಕೋರು ಲ್ಯಾಪ್‌ಟಾಪ್ ಕೊಡುತ್ತಾರಂತೆ ಎಂದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ, ನಿವೃತ್ತರಾದರೂ. ಮನೆ ಹುಡುಕಿ ಹೋದರೆ ಅಂಗಳದಲ್ಲಿ ನಿಂತವರಿಗೆ ಸಮುದ್ರದ ಸದ್ದು ಕೇಳುತ್ತಿತ್ತು. ನನ್ನ ಗಂಡ ಗೇಟಿನಲ್ಲೇ ಗಾಡಿ ತಿರುಗಿಸಿದರು. "ಹೋಗುವಾ, ಇದ್ರಲ್ಲಿ ಎಂತದೂ ಉಳ್ದಿರೂದಿಲ್ಲ."

ಅವರ ಮಾತು ಕೇಳಿ ಮೂರು ವಾರ ಹಾಳಾಗಿತ್ತು. ನನಗೆ ಸಿಟ್ಟು ಬಂತು. "ನೀವು ಇಲ್ಲೇ ಇರಿ" ಎಂದು ಒಳಗೆ ನಡೆದೆ. ಅವರೂ ಗೊಣಗುತ್ತ ಹಿಂದೆ ಬಂದರು.

ಅಕ್ಕೋರು ಅಡುಗೆಮನೆಗೆ ಹೋಗಿ ದೊಡ್ಡ ಅಕ್ಕಿ ಡಬ್ಬಿ ತೆರೆದು, ಮೊಣಕೈ ತನಕ ಕೈ ಹಾಕಿ, ಹಳೆಯ ಸೀರೆಯಲ್ಲಿ ಸುತ್ತಿದ ಗಂಟೊಂದನ್ನು ಎತ್ತಿದರು. "ಕೆಲ್ಸ ಮುಗೀತಾ, ಅಕ್ಕಿಯೊಳ್ಗೆ. ಉಪ್ಪುಗಾಳಿ ತಾಗೂದಿಲ್ಲ. ಆರು ವರ್ಷ ಆಯ್ತು. ಈಗ ಕಣ್ಣಿಗೆ ಅಕ್ಷರ ಸಣ್ಣ ಕಾಣ್ತದೆ, ದೊಡ್ಡ ಪರದೆದು ತಕ್ಕೊಂಡೆ" ಎಂದರು. ಬಿಚ್ಚುವಾಗ ಎರಡು ಅಕ್ಕಿಕಾಳು ಉದುರಿದವು.

ನನ್ನ ಗಂಡ ಅದನ್ನು ಮಗುಚಿ ಒಂದೊಂದೇ ಸ್ಕ್ರೂ ನೋಡಿದರು. ಎಲ್ಲವೂ ಫಳಫಳ. ಆದರೂ ಸೋಲೊಪ್ಪಲು ಮನಸ್ಸಿಲ್ಲ. "ಎಷ್ಟಂದ್ರೂ ಸಮುದ್ರದ ಬುಡದ್ದು ಅಕ್ಕೋರೇ."

"ನಿಮ್ದು ಯಾವೂರು?"

"ಅಂಕೋಲೆ."

"ಹಾಂಗಾರೆ ನೀವೂ ಸಮುದ್ರದ ಬುಡದವ್ರೇ. ನಿಮ್ಮನ್ನ ಇವ್ರು ಇಟ್ಕಂಡಿಲ್ವಾ?"

ಶಾಲೆಯಲ್ಲಿ ಬೈಸಿಕೊಂಡವರ ಹಾಗೆ ನನ್ನ ಗಂಡ ಸ್ಕ್ರೂಡ್ರೈವರನ್ನು ಜೇಬಿನೊಳಕ್ಕೆ ತಳ್ಳಿದರು. ನಾನು ನಗುತ್ತಲೇ ಕಲ್ಯಾಣ ಮಂಟಪ ತೆರೆದೆ. ಮೆಟ್ಟಿಲು, ಮೇಲಂತಸ್ತು, ಊಟದ ಹಾಲ್, ಎಲ್ಲವೂ ತಡೆಯಿಲ್ಲದೆ ಬಂತು. ಎಂಟು ಜಿಬಿ ರ‍್ಯಾಮ್, ಒಂದೂಕಾಲು ಕೇಜಿ ತೂಕ. ಚಾರ್ಜರ್ ಕಿತ್ತಿಟ್ಟು, ಅಕ್ಕೋರು ಕೊಟ್ಟ ಚಾ ಕುಡಿದು, ಬೇಡವೆಂದರೂ ಬಿಡದೆ ಕೊಟ್ಟ ಅವಲಕ್ಕಿ ತಿಂದು ಮುಗಿಸುವ ತನಕ ಹಾಗೇ ಬಿಟ್ಟೆ; ಬ್ಯಾಟರಿ ಸ್ವಲ್ಪವೇ ಇಳಿದಿತ್ತು. ಅವರು ಹೇಳಿದ ಬೆಲೆ ನಮ್ಮ ಕೈಗೆಟಕುವಂಥದ್ದು. ಚೌಕಾಸಿ ಮಾಡಲು ನನ್ನ ಗಂಡನಿಗೆ ಬಾಯಿಯೇ ಬರಲಿಲ್ಲ.

ಇಂಜಿನಿಯರರು ಅದನ್ನು ಒಂದು ಕೈಯಲ್ಲಿ ತೂಗಿ ನೋಡಿ, "ಆಯ್ತು, ಮೊದ್ಲು ಹಣಕೋಣದ ಮನೆ ನಕ್ಷೆ ಮಾಡ್ಕಂಡು ಬಾ, ಆಮೇಲೆ ನೋಡುವಾ" ಎಂದರು.

ಹಣಕೋಣದ ಆ ಮನೆಯಲ್ಲಿ ಜಗಲಿಯ ಮೇಲೆ ಮಾವ, ಮಗ ಕೂತಿದ್ದರು. ಬಾಗಿಲ ಹಿಂದೆ ಸೊಸೆ. ಹಳೆಯ ಮನೆಯ ಪಕ್ಕದಲ್ಲೇ ಹೊಸದು ಏಳಬೇಕು. ನಾನು ಅಡುಗೆಮನೆ ಬರೆಯುವಾಗ ಒಳಗಿನಿಂದ "ಕಿಟಕಿ..." ಎಂಬ ದನಿ ಬಂತು. ಮಾವ ಕೆಮ್ಮಿದರು. ದನಿ ಅಲ್ಲಿಗೇ ನಿಂತಿತು.

ಹಳೆಯ ಲ್ಯಾಪ್‌ಟಾಪ್ ಆಗಿದ್ದರೆ ನಾನು ಜಗಲಿಯ ಪ್ಲಗ್ಗಿನ ಬುಡ ಬಿಟ್ಟು ಏಳುವ ಹಾಗಿರಲಿಲ್ಲ. ಇದನ್ನು ಎಡಗೈಯಲ್ಲಿ ಎತ್ತಿಕೊಂಡು ನೆಟ್ಟಗೆ ಒಳಗೆ ಅಡುಗೆಮನೆಗೇ ಹೋದೆ.

ಸೊಸೆ ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. "ನಾ ಹಿಡೀಲಾ?" ಎಂದು ಕೇಳಿ, ಎರಡೂ ಅಂಗೈ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಲೆಯ ಮುಂದೆ ತಾನು ದಿನವೂ ನಿಲ್ಲುವ ಜಾಗಕ್ಕೆ ಹೋಗಿ ನಿಂತಳು. "ಇಲ್ಲಿ ಬೆಳಕು ಬೆನ್ನಿಗೆ ಬೀಳ್ತದೆ ಅಕ್ಕಾ. ನನ್ನ ನೆರಳೇ ಪಾತ್ರೆ ಮೇಲೆ. ಹೊಸದ್ರಲ್ಲಿ ಕಿಟಕಿ ಎಡಕ್ಕೆ ಬೇಕು."

ಲ್ಯಾಪ್‌ಟಾಪ್ ಅವಳ ಕೈಯಲ್ಲಿದ್ದ ಹಾಗೇ ನಕ್ಷೆಯ ಕಿಟಕಿಯನ್ನು ಎಡಕ್ಕೆ ಸರಿಸಿದೆ. "ಮತ್ತೆ?" ಎಂದು ಕೇಳಿದೆ.

ಆಕೆ ಪರದೆಯನ್ನು ಕಣ್ಣಿನ ಹತ್ತಿರಕ್ಕೆ ತಂದಳು. ಆಮೇಲೆ ಬಾವಿಯ ಕಡೆಗೊಂದು ಬಾಗಿಲು ಎಂದಳು. ಒರಳಿಗೊಂದು ಜಾಗ. ಸೊಪ್ಪು ಬಿಡಿಸುತ್ತ ಕೂರಲು ಒಂದು ಕಟ್ಟೆ. ಎಷ್ಟೋ ವರ್ಷ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ಮನೆ ಅದು, ಅಳತೆ ಸಮೇತ ಹೇಳಿದಳು. ನಾನು ಒಂದೊಂದನ್ನೂ ನಕ್ಷೆಗೆ ಇಳಿಸುತ್ತ ಹೋದೆ.

ಜಗಲಿಯಿಂದ ಮಾವ ಕೂಗಿದರು, "ಮುಗೀತಾ?"

ನಾನು ಬಾಯಿ ತೆರೆಯುವ ಮೊದಲೇ ಆಕೆ ಹೇಳಿದಳು, "ಇಲ್ಲ."