ನನ್ನ ಮೂಲೆಗೆ ಬಂದ ಒಬ್ಬಳೇ ಹುಡುಗಿ

ಅಮೆರಿಕದ ಕ್ಯಾಂಪ್‌ಬೆಲ್ ಊರಿನ ಒಂದು ಬಾಡಿಗೆ ಸಭಾಂಗಣದಲ್ಲಿ ನಮ್ಮ ಕನ್ನಡದವರು ಸೇರುತ್ತಿದ್ದ ಕಾಲದಲ್ಲಿ ಎಲ್ಲರೂ ನನ್ನನ್ನು ‘ಇಂಜಿನಿಯರೇ’ ಎಂದು ಕರೆಯುತ್ತಿದ್ದರು. ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಸದಾ ಹಳದಿ ಹೆಲ್ಮೆಟ್ಟು, ಕೆಸರು ಮೆತ್ತಿದ ಬೂಟು ಬಿದ್ದಿರುತ್ತಿದ್ದವು. ರಸ್ತೆ, ಚರಂಡಿ, ಸೇತುವೆ ಎಂದು ಜೋರಾಗಿ ಮಾತಾಡುತ್ತಿದ್ದೆ. ಅವರಿಗೆ ಅಷ್ಟು ಸಾಕಾಗಿತ್ತು.

ನಾನು ಓದಿದ್ದು ಮೈಸೂರಿನಲ್ಲಿ ಎಸ್ಸೆಸ್ಸೆಲ್ಸಿ. ಅಮೆರಿಕಕ್ಕೆ ಬಂದದ್ದು ನರ್ಸ್ ಆಗಿದ್ದ ಹೆಂಡತಿಯ ಹಿಂದೆ. ನನ್ನ ಕೆಲಸ ಸರ್ವೆ ತಂಡದಲ್ಲಿ ಅಳತೆಯ ಕೋಲು ಹಿಡಿದು ನಿಲ್ಲುವುದು. ಚೆನ್ನಾಗಿಯೇ ನಿಲ್ಲುತ್ತಿದ್ದೆ. ಮಾರ್ಗನ್ ಹಿಲ್‌ನ ಎಷ್ಟೋ ಹೊಸ ಬೀದಿಗಳಲ್ಲಿ ಮಳೆನೀರು ನಿಲ್ಲದೆ ಹರಿದುಹೋಗುತ್ತದೆ ಎಂದರೆ ಅದರಲ್ಲಿ ನನ್ನ ಕೈಯೂ ಇದೆ. ಆ ಕೆಲಸಕ್ಕೆ ನಾನು ಎಂದೂ ನಾಚಿಕೊಂಡಿಲ್ಲ. ನಾಚಿಕೆಯಾಗುವುದು, ‘ಇಂಜಿನಿಯರೇ’ ಎಂದಾಗೆಲ್ಲ ಓಗೊಟ್ಟದ್ದಕ್ಕೆ. ಈ ವಯಸ್ಸಿನಲ್ಲಾದರೂ ಅದನ್ನು ಬರೆದಿಡಬೇಕು.

ಎಂಬತ್ತರ ದಶಕದ ನಡುವೆ ಒಂದು ವರ್ಷ, ದೀಪಾವಳಿ ಊಟವಾದ ಮೇಲೆ, ಹೈಸ್ಕೂಲಿನ ಮಕ್ಕಳಿಗೆ ಮುಂದೇನು ಓದಬೇಕೆಂದು ಹಿರಿಯರು ಸಲಹೆ ಕೊಡಬೇಕೆಂದಾಯಿತು. ಒಂದೊಂದು ಮೂಲೆಗೆ ಒಂದೊಂದು ವೃತ್ತಿ. ಎಲೆಕ್ಟ್ರಾನಿಕ್ಸ್ ಮೂಲೆಯಲ್ಲಿ ಕುರ್ಚಿ ಸಾಲದೆ ಮಕ್ಕಳು ನೆಲದ ಮೇಲೆ ಕೂತಿದ್ದರು. ಸಿವಿಲ್ ಮೂಲೆಗೆ ನನ್ನನ್ನು ಕೂರಿಸಿದರು. ಅಲ್ಲಿಗೆ ಬಂದವಳು ಒಬ್ಬಳೇ, ಹೈಸ್ಕೂಲಿನ ಕೊನೆಯ ವರ್ಷದ ಹುಡುಗಿ. ಹಿಂದೆಯೇ ಅವಳ ಅಪ್ಪ.

“ಅಂಕಲ್, ನಂಗೆ ಬ್ರಿಜ್ ಕಟ್ಬೇಕು. ಕಾಲೇಜಲ್ಲಿ ನೀವು ಯಾವ ಮ್ಯಾಥ್ ಕ್ಲಾಸು ತಗೊಂಡ್ರಿ?”

ಗೊತ್ತಿಲ್ಲ ಎನ್ನಬಹುದಿತ್ತು. ನಾನು ಹುಡುಗಿಯನ್ನು ಬಿಟ್ಟು ಅವಳ ಅಪ್ಪನ ಕಡೆ ತಿರುಗಿದೆ. “ಹೆಣ್ಣುಮಕ್ಕಳು ಬಿಸಿಲಲ್ಲಿ ಬೂಟು ಹಾಕ್ಕೊಂಡು ನಿಲ್ಲೋ ಕೆಲಸ ಅಲ್ಲ ಸಾರ್ ಇದು. ಎಲೆಕ್ಟ್ರಾನಿಕ್ಸ್ ಓದ್ಸಿ.”

“ಕೇಳಿಸ್ತಾ? ಇಂಜಿನಿಯರೇ ಹೇಳ್ತಿದಾರೆ,” ಎಂದರು ಅಪ್ಪ, ಖುಷಿಯಿಂದ.

ಹುಡುಗಿ ಹೋಗಿ ಎಲೆಕ್ಟ್ರಾನಿಕ್ಸ್ ಮೂಲೆಯಲ್ಲಿ ನೆಲದ ಮೇಲೆ ಕೂತಳು.

ನಾನು ಹಾಗೆ ಹೇಳಿದ ದಿನಗಳಲ್ಲಿ ನಮ್ಮ ಆಫೀಸಿನ ನಕ್ಷೆಗಳಿಗೆ ಸಹಿ ಹಾಕುತ್ತಿದ್ದ ಇಂಜಿನಿಯರ್ ಒಬ್ಬ ಹೆಂಗಸು. ಅವರ ಬೂಟು ನನ್ನ ಬೂಟಿಗಿಂತ ಹಳೆಯದು. ಇದು ನನ್ನ ಹೆಂಡತಿಗೂ ಗೊತ್ತಿತ್ತು. ಉಡುಪಿಯವಳು, ಮನೆಗೆ ಹೋಗುವಾಗ ಕಾರು ಫ್ರೀವೇ ಹತ್ತುತ್ತಿದ್ದಂತೆ ಶುರುಮಾಡಿದಳು.

“ಅಲ್ಲ ಮಾರಾಯ್ರೆ, ಕೇಳಿದ್ದು ಆ ಹುಡುಗಿ. ನೀವು ಅಪ್ಪನಿಗೆ ಎಂತಕ್ಕೆ ಉತ್ತರ ಕೊಟ್ಟದ್ದು?”

“ದೊಡ್ಡೋರ ಹತ್ರ ಮಾತಾಡೋದು ಮರ್ಯಾದೆ ಕಣೆ.”

“ಯಾರ ಮರ್ಯಾದೆ? ನಿಮ್ಮದಾ?”

ಆ ತಿಂಗಳ ಕೊನೆಯೊಳಗೆ ಹುಡುಗಿ ಯಾವ ವಿಷಯವೆಂದು ಬರೆದು ಕಾಲೇಜಿಗೆ ಅರ್ಜಿ ಹಾಕಬೇಕಿತ್ತು. ಮುಂದಿನ ಶನಿವಾರ ಮಾರ್ಗನ್ ಹಿಲ್‌ನಲ್ಲಿದ್ದ ಅವರ ಮನೆಗೆ ಹೋದೆ.

“ಬನ್ನಿ ಇಂಜಿನಿಯರೇ! ನೀವು ಹೇಳಿದ ಹಾಗೇ ಎಲೆಕ್ಟ್ರಾನಿಕ್ಸು,” ಎಂದು ಅವಳ ಅಪ್ಪ ಬಾಗಿಲು ತೆಗೆದರು. “ವಾರದಿಂದ ನನ್ನ ಹತ್ರ ಮಾತು ಬಿಟ್ಟಿದಾಳೆ. ನಾನೂ ಬಗ್ಲಿಲ್ಲ.”

ಶೂ ಬಿಚ್ಚುವ ಮೊದಲೇ ಹೇಳಿಬಿಟ್ಟೆ. “ಸಾರ್, ನಾನು ಇಂಜಿನಿಯರ್ ಅಲ್ಲ. ಎಸ್ಸೆಸ್ಸೆಲ್ಸಿ. ಸರ್ವೆಯಲ್ಲಿ ಕೋಲು ಹಿಡಿಯೋನು. ಹೆಣ್ಣುಮಕ್ಕಳ ಕೆಲಸ ಅಲ್ಲ ಅಂದಿದ್ದೂ ಸುಳ್ಳು. ನಮ್ಮ ಇಂಜಿನಿಯರೇ ಹೆಂಗಸು.”

“ಮತ್ತೆ ಇಷ್ಟು ವರ್ಷ ಕರೆದಾಗೆಲ್ಲ ಓ ಅಂತಿದ್ರಲ್ಲ?”

“ಅಂತಿದ್ದೆ.”

“ಈಗ ನಿಮ್ಮ ಯಾವ ಮಾತು ನಂಬ್ಲಿ? ಅವತ್ತಿಂದಾ, ಇವತ್ತಿಂದಾ?”

ಕೇಳಬೇಕಾದ ಪ್ರಶ್ನೆಯೇ. ಹುಡುಗಿ ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅವಳ ಕಡೆ ತಿರುಗಿದೆ.

“ನೋಡಮ್ಮ, ಮ್ಯಾಥ್ ವಿಷಯ ನಂಗೊತ್ತಿಲ್ಲ. ಗೊತ್ತಿರೋರ ಹತ್ರ ಕರ್ಕೊಂಡು ಹೋಗ್ತೀನಿ. ಬಿಸಿಲು, ಕೆಸರು, ಗಿಲ್‌ರಾಯ್ ಹೊಲಗಳ ಬೆಳ್ಳುಳ್ಳಿ ವಾಸನೆ ಬೇಕಾದ್ರೆ ನನ್ನ ಕೇಳು. ಅದನ್ನೆಲ್ಲ ನೀನು ತಡ್ಕೋತೀಯ.”

“ವೆನ್, ಅಂಕಲ್?” ಎಂದಳು.

ಮುಂದಿನ ವಾರ ನಮ್ಮ ಆಫೀಸಿಗೆ ಹುಡುಗಿಯ ಜೊತೆ ಅಪ್ಪನೂ ತಮ್ಮ ಕೆಲಸಕ್ಕೆ ರಜೆ ಹಾಕಿ ಬಂದರು. ಒಳಗೆ ಹುಡುಗಿ ಮತ್ತು ನಮ್ಮ ಇಂಜಿನಿಯರಮ್ಮ, ನಡುವೆ ಮೇಜಿನ ತುಂಬ ಒಂದು ಸೇತುವೆಯ ನಕ್ಷೆ. ನಾವಿಬ್ಬರೂ ಹೊರಗೆ ಬೆಂಚಿನ ಮೇಲೆ ಕೂತೆವು. ಗಾಜಿನಾಚೆ ಅವರ ಕೈಗಳು ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ.

ಹುಡುಗಿ ಹೊರಗೆ ಬಂದಾಗ ಅವಳಪ್ಪ ನನ್ನ ಕಡೆ ತಿರುಗಿ, “ಏನಂತೆ?” ಎಂದರು.

“ಅವಳನ್ನೇ ಕೇಳಿ ಸಾರ್.”

ಕೇಳಿದರು.

“ಸಿವಿಲ್, ಅಪ್ಪ. ಐ ಆಮ್ ಶೂರ್.”

ಅವರು ಮಗಳ ಮುಖ ನೋಡಿದರು, ಅವಳ ತೆಳ್ಳನೆಯ ಕ್ಯಾನ್ವಾಸ್ ಶೂ ನೋಡಿದರು. ಪಾರ್ಕಿಂಗ್ ಜಾಗಕ್ಕೆ ನಡೆದರು. ಕಾರಿನ ಬಾಗಿಲು ಹಿಡಿದು ನಿಂತು, “ಆ ಬೂಟು ಎಲ್ಲಿ ಸಿಗತ್ತೆ ಇಂಜಿ…” ಎಂದವರು ಅರ್ಧಕ್ಕೆ ತಡೆದು, “ಎಲ್ಲಿ ಸಿಗತ್ತೆ ರಾಯರೇ?” ಎಂದರು.

ಗಿಲ್‌ರಾಯ್‌ನ ಅಂಗಡಿಗೆ ಹೋಗುವ ದಾರಿಯನ್ನು ತಿರುವು ತಿರುವಾಗಿ ಹೇಳಿದೆ. ಅದರಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ.